ಬನಗಳ ಲೆಕ್ಕಕ್ಕೆ ಜಾಗದ ಲೆಕ್ಕ: ತುಂಡುಕಾಡುಗಳ ಜೀವವೈವಿಧ್ಯ ಅಧ್ಯಯನಕ್ಕೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯಲ್ಲಿ ಕಾಡು ಎರಡು ರೂಪದಲ್ಲಿ ಉಳಿದಿದೆ. ಪೂರ್ವದಂಚಿನಲ್ಲಿ, ರಾಣಿಪುರಂ ಮತ್ತು ದೇಲಂಪಾಡಿಯ ಕಡೆ, ಪಶ್ಚಿಮಘಟ್ಟಕ್ಕೆ ತಾಗಿಕೊಂಡ ಅರಣ್ಯವಿದೆ. ಅಲ್ಲಿಂದ ಕಡಲಿನ ಕಡೆಗೆ ಇಳಿದಂತೆ ಅಡಿಕೆ ತೋಟ, ರಬ್ಬರ್, ಗೇರು, ಮುರಕಲ್ಲಿನ ಪದವುಗಳ ನಡುವೆ ಚದುರಿದ ನಾಗಬನಗಳು, ದೈವದ ಬನಗಳು, ಕಾವುಗಳು ಕಾಣುತ್ತವೆ. ಎಷ್ಟೋ ಬನಗಳು ಹತ್ತಿಪ್ಪತ್ತು ಸೆಂಟ್ಸಿಗಿಂತ ದೊಡ್ಡವಲ್ಲ. ಆದರೂ ಸುತ್ತಲಿನ ತೋಟಗಳಲ್ಲಿ ಹುಡುಕಿದರೂ ಸಿಗದ ಕಿರಾಲಬೋಗಿ, ಧೂಪ, ಹೊಳೆಗೇರು ಮರಗಳು ಅಲ್ಲಿ ಇನ್ನೂ ನಿಂತಿವೆ.

ಬನಗಳ ಮರ ಎಣಿಸಿದ ವರದಿಗಳನ್ನು ಓದುವಾಗ ನನಗೆ ಕಾಣುವ ದೊಡ್ಡ ಕೊರತೆ ಒಂದೇ. ಮರದ ಹೆಸರಿರುತ್ತದೆ, ಎಣಿಕೆ ಇರುತ್ತದೆ. ಆ ಬನ ಎಲ್ಲಿದೆ, ಮುಂದಿನ ಬನ ಎಷ್ಟು ದೂರ, ನಡುವೆ ಏನಿದೆ ಎಂಬುದು ಲೆಕ್ಕಕ್ಕೆ ಸೇರುವುದೇ ಇಲ್ಲ. ಹತ್ತಿರದ ವಸ್ತುಗಳು ದೂರದವುಗಳಿಗಿಂತ ಹೆಚ್ಚು ಹೋಲುತ್ತವೆ ಎಂದು ಭೂಗೋಳಜ್ಞ ವಾಲ್ಡೋ ಟಾಬ್ಲರ್ 1970ರಲ್ಲಿ ಹೇಳಿದ ಮಾತು ನಮ್ಮ ಬನಗಳಿಗೂ ಸಲ್ಲುತ್ತದೆ. ಒಂದೇ ತೋಡಿನ ದಡದಲ್ಲಿರುವ ನಾಲ್ಕು ಬನಗಳಲ್ಲಿ ಒಂದೇ ಬಗೆಯ ಮರಗಳಿದ್ದರೆ ಅದು ನಾಲ್ಕು ಸ್ವತಂತ್ರ ಸಾಕ್ಷಿಗಳ ಹೇಳಿಕೆಯಲ್ಲ. ಒಂದೇ ಮನೆಯ ನಾಲ್ವರು ಹೇಳಿದ ಒಂದೇ ಮಾತು. ಇದನ್ನು ಮರೆತು ಲೆಕ್ಕ ಹಾಕಿದರೆ ಇಲ್ಲದ ಸಂಬಂಧಗಳು ಇದ್ದಂತೆ ಕಾಣುತ್ತವೆ. ಸ್ಥಳಾಧಾರಿತ ಸಂಖ್ಯಾಶಾಸ್ತ್ರ ಈ ತಪ್ಪನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬನಗಳ ನಡುವಿನ ದೂರವನ್ನೇ ಮಾಹಿತಿಯಾಗಿ ಬಳಸಲು ಕಲಿಸುತ್ತದೆ.

ಈ ಮಾರ್ಗದರ್ಶಿ ಪದವಿ ಮಟ್ಟದ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಮತ್ತು ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯವರಿಗೆ. ನಕ್ಷೆಗೆ ಕ್ಯುಜಿಐಎಸ್, ಲೆಕ್ಕಕ್ಕೆ ಆರ್ ಎಂಬ ಎರಡು ಉಚಿತ ತಂತ್ರಾಂಶಗಳು ಸಾಕು.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಬನಗಳ ಜೀವವೈವಿಧ್ಯ ಅಧ್ಯಯನ" ಎಂಬುದು ಪ್ರಶ್ನೆಯಲ್ಲ. "ಬನದ ವಿಸ್ತೀರ್ಣ ಒಂದೇ ಇದ್ದಾಗ, ಸುತ್ತ 500 ಮೀಟರಿನಲ್ಲಿ ಮರಗಳ ಹೊದಿಕೆ ಹೆಚ್ಚಿರುವ ಬನಗಳಲ್ಲಿ ಮರಜಾತಿಗಳು ಹೆಚ್ಚೇ?" ಎಂಬುದು ಪ್ರಶ್ನೆ. ಏನನ್ನು ಅಳೆಯಬೇಕು, ಎಷ್ಟು ದೂರದವರೆಗೆ ನೋಡಬೇಕು ಎಂಬುದು ಈ ವಾಕ್ಯದಿಂದಲೇ ಗೊತ್ತಾಗುತ್ತದೆ. ದೂರವನ್ನು ಆರಿಸುವಾಗ ಬೀಜ ಹೊರುವವರು ಯಾರೆಂದು ಯೋಚಿಸಿ. ಮಂಗಟ್ಟೆ ಹಕ್ಕಿ ಮತ್ತು ಬಾವಲಿಗೆ ಎರಡು ಬನಗಳ ನಡುವಿನ ಒಂದು ಕಿಲೋಮೀಟರ್ ದೊಡ್ಡದಲ್ಲ. ಕಿರಾಲಬೋಗಿಯ ಕಾಯಿಗೆ ಎರಡು ರೆಕ್ಕೆಗಳಿದ್ದರೂ ಅದು ತಾಯಿಮರದಿಂದ ಬಹುದೂರ ಹೋಗುವುದಿಲ್ಲ. ಧೂಪದ ಭಾರವಾದ ಬೀಜವಂತೂ ಬಿದ್ದಲ್ಲಿಯೇ ಉಳಿಯುವುದು ಹೆಚ್ಚು.

ಹೆಜ್ಜೆ 2: ಮೊದಲು ಎಲ್ಲ ಬನಗಳ ಪಟ್ಟಿ, ಆಮೇಲೆ ಆಯ್ಕೆ

ರಸ್ತೆಯ ಬದಿಯಲ್ಲಿರುವ, ಪರಿಚಯದವರ ಮನೆಯ ಹತ್ತಿರವಿರುವ ಬನಗಳನ್ನು ಆರಿಸಿಕೊಂಡರೆ ಮುಂದಿನ ಯಾವ ಲೆಕ್ಕವೂ ಅದನ್ನು ಸರಿಪಡಿಸಲಾರದು. ಆದ್ದರಿಂದ ಆರಿಸಿಕೊಂಡ ಪ್ರದೇಶದಲ್ಲಿ, ಉದಾಹರಣೆಗೆ ಶಿರಿಯಾ ಹೊಳೆ ಮತ್ತು ಪಯಸ್ವಿನಿಯ ನಡುವೆ, ಇರುವ ಎಲ್ಲ ತುಂಡುಕಾಡುಗಳನ್ನೂ ಮೊದಲು ನಕ್ಷೆಯಲ್ಲಿ ಗುರುತಿಸಿ. ಉಪಗ್ರಹ ಚಿತ್ರ, ವಿಲೇಜ್ ಆಫೀಸಿನ ದಾಖಲೆ, ಊರಿನ ಹಿರಿಯರು, ತರವಾಡು ಮನೆಯವರು, ದೇವಸ್ಥಾನದ ಮೊಕ್ತೇಸರರು ಎಲ್ಲರೂ ಬೇಕು. ಚಿತ್ರದಲ್ಲಿ ಕಾಣದ ಬನವನ್ನು ಊರಿನವರು ಹೇಳುತ್ತಾರೆ; ಊರಿನವರು ಮರೆತ ತುಂಡು ಚಿತ್ರದಲ್ಲಿ ಕಾಣುತ್ತದೆ.

ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ರಬ್ಬರ್, ಗೇರು, ಅಕೇಶಿಯಾ ನೆಡುತೋಪುಗಳೆಲ್ಲ ಮೇಲಿನಿಂದ ಕಾಡಿನಂತೆಯೇ ಹಸಿರು. ರಬ್ಬರ್ ಮರಗಳು ಡಿಸೆಂಬರಿನಿಂದ ಫೆಬ್ರವರಿಯ ನಡುವೆ ಎಲೆ ಉದುರಿಸುವುದರಿಂದ ಆ ತಿಂಗಳುಗಳ ಚಿತ್ರವನ್ನೂ ಮಳೆಗಾಲ ಮುಗಿದ ಕೂಡಲೇ ತೆಗೆದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಿತ್ಯಹರಿದ್ವರ್ಣದ ಬನ ಎರಡರಲ್ಲೂ ಹಸಿರಾಗಿರುತ್ತದೆ. ಅಕೇಶಿಯಾ ಮತ್ತು ಗೇರಿನ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಹೋಗಿ ನೋಡಲೇಬೇಕು.

ಪಟ್ಟಿ ಸಿದ್ಧವಾದ ಮೇಲೆ ಬನಗಳನ್ನು ವಿಸ್ತೀರ್ಣದ ಪ್ರಕಾರ ಮೂರ್ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿ ಆರಿಸಿ. ಆರಿಸಿದವುಗಳಲ್ಲಿ ತೀರ ಹತ್ತಿರದ ಜೋಡಿಗಳೂ ದೂರದ ಜೋಡಿಗಳೂ ಇರಲಿ. ಎಲ್ಲ ಬನಗಳೂ ಸಮಾನ ದೂರದಲ್ಲಿದ್ದರೆ ಹತ್ತಿರದಲ್ಲಿ ಸಾದೃಶ್ಯ ಎಷ್ಟಿದೆ ಎಂದು ಅಳೆಯಲು ಸಾಧ್ಯವಾಗುವುದಿಲ್ಲ. ಮೂವತ್ತಕ್ಕಿಂತ ಕಡಿಮೆ ಬನಗಳಿಂದ ದೊಡ್ಡ ತೀರ್ಮಾನಕ್ಕೆ ಕೈಹಾಕಬೇಡಿ ಎಂಬುದು ನನ್ನ ಸಲಹೆ. ಕಾರಣ ಮುಂದೆ ಸಿಗುತ್ತದೆ.

ಹೆಜ್ಜೆ 3: ಅನುಮತಿ, ಮತ್ತು ಒಳಗೆ ಹೋಗಲಾಗದ ಬನಗಳು

ಕಾಯ್ದಿರಿಸಿದ ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬನಕ್ಕೆ ಮನೆತನದ ಅಥವಾ ಕ್ಷೇತ್ರದ ಒಪ್ಪಿಗೆ ಬೇಕು. ಕೋಲ, ತೆಯ್ಯಂ ಇರುವ ದಿನಗಳನ್ನು ಮೊದಲೇ ಕೇಳಿಕೊಂಡು ಕೆಲಸದ ದಿನ ನಿಗದಿ ಮಾಡಿ. ಚಪ್ಪಲಿ ಕಳಚಬೇಕೆಂದರೆ ಕಳಚಿ. ಕೊಂಬೆ ಮುರಿಯಬಾರದೆಂದರೆ ಬಿದ್ದ ಎಲೆಯ ಮತ್ತು ತೊಗಟೆಯ ಫೋಟೋದಿಂದಲೇ ಮರವನ್ನು ಗುರುತಿಸಲು ಪ್ರಯತ್ನಿಸಿ.

ಯಾರೂ ಒಳಗೆ ಕಾಲಿಡಬಾರದೆಂಬ ಕಟ್ಟಳೆಯಿರುವ ಬನಗಳು ಈಗಲೂ ಇವೆ. ಆ ಕಟ್ಟಳೆಯನ್ನು ಗೌರವಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕದಲ್ಲಿ ಏನಾಗುತ್ತದೆಂದು ತಿಳಿದಿರಬೇಕು. ಯಾರೂ ಹೋಗದ ಬನ ಎಂದರೆ ಯಾರೂ ಕಡಿಯದ, ಗುಡಿಸದ, ಸಿಮೆಂಟ್ ಹಾಕದ ಬನ. ಅಂತಹವನ್ನು ಕೈಬಿಟ್ಟರೆ ಅತ್ಯಂತ ಚೆನ್ನಾಗಿ ಉಳಿದಿರುವ ತುಂಡುಗಳೇ ನಿಮ್ಮ ಕೋಷ್ಟಕದಿಂದ ಮಾಯವಾಗುತ್ತವೆ. ಆದ್ದರಿಂದ ಅವುಗಳನ್ನು "ಪ್ರವೇಶವಿಲ್ಲ" ಎಂದು ನಮೂದಿಸಿ. ವಿಸ್ತೀರ್ಣ, ನೆತ್ತಿಯ ಹೊದಿಕೆ, ಸುತ್ತಲಿನ ಭೂಬಳಕೆಯನ್ನು ಹೊರಗಿನಿಂದಲೇ ಅಳೆಯಿರಿ. ಕೊನೆಯಲ್ಲಿ ಪ್ರವೇಶವಿದ್ದ ಮತ್ತು ಇಲ್ಲದ ಬನಗಳನ್ನು ಈ ಅಳತೆಗಳಲ್ಲಿ ಹೋಲಿಸಿ ತೋರಿಸಿ. ಬನಗಳ ಬಗೆಗಿನ ಯಾವುದೇ ವರದಿಯಲ್ಲಿ ನಾನು ಮೊದಲು ಹುಡುಕುವುದು ಈ ಹೋಲಿಕೆಯನ್ನೇ.

ಹೆಜ್ಜೆ 4: ನೆಲದ ಮೇಲಿನ ಅಳತೆ

20 ಮೀಟರ್ ಚೌಕ ಎಂದರೆ 400 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಹತ್ತು ಸೆಂಟ್ಸ್. ಚಿಕ್ಕ ಬನವಾದರೆ ಇಡೀ ಬನವನ್ನೇ ಎಣಿಸಿ. ದೊಡ್ಡದಾದರೆ ಇಂತಹ ಚೌಕಗಳನ್ನು ಚೀಟಿ ಎತ್ತಿ ಹಾಕಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರಿಗಿಂತ ಹೆಚ್ಚಿರುವ ಎಲ್ಲ ಮರಗಳನ್ನೂ ಅಳೆಯಿರಿ. ಅದಕ್ಕಿಂತ ಸಣ್ಣ ಗಿಡಗಳಿಗೆ ಚೌಕದೊಳಗೆ ಇನ್ನೊಂದು ಪುಟ್ಟ ಚೌಕ ಇರಲಿ. ದೊಡ್ಡ ಮರ ಬನದ ನಿನ್ನೆಯನ್ನು ಹೇಳಿದರೆ ಎಳೆಯ ಗಿಡ ಅದರ ನಾಳೆಯನ್ನು ಹೇಳುತ್ತದೆ. ಹತ್ತು ಭಾರೀ ಮರಗಳಿದ್ದು ಅಡಿಯಲ್ಲಿ ಒಂದೂ ಸಸಿಯಿಲ್ಲದ ಬನಗಳನ್ನು ಹಾಗೆಯೇ ಗುರುತಿಸಬಹುದು.

ದಟ್ಟ ನೆರಳಿನಲ್ಲಿ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪು ತೋರಿಸುತ್ತದೆ. ಬನದ ಸ್ಥಾನಕ್ಕೆ ಅದು ಸಾಕು, ಒಂದೊಂದು ಮರದ ಸ್ಥಾನಕ್ಕೆ ಸಾಲದು. ಮರಗಳ ನಕ್ಷೆ ಬೇಕಿದ್ದರೆ ಚೌಕದ ಒಂದು ಮೂಲೆಯನ್ನು ಜಿಪಿಎಸ್‌ನಿಂದ ಗುರುತಿಸಿ, ಅಲ್ಲಿಂದ ಟೇಪು ಮತ್ತು ದಿಕ್ಸೂಚಿಯಲ್ಲಿ ಅಳೆಯಿರಿ. ಎಣಿಸುವವರು ಕನ್ನಡ, ತುಳು, ಮಲಯಾಳಂ ಹೆಸರುಗಳನ್ನು ಬೆರೆಸಿ ಬರೆದರೆ ಒಂದೇ ಜಾತಿ ಮೂರಾಗಿಬಿಡುತ್ತದೆ. ಜಿಲ್ಲೆಯ ವೃಕ್ಷವೆಂದು 2023ರಲ್ಲಿ ಘೋಷಿತವಾದ ಕಾಸರಕವೂ ಇದಕ್ಕೆ ಹೊರತಲ್ಲ. ಕೋಷ್ಟಕದಲ್ಲಿ ವೈಜ್ಞಾನಿಕ ಹೆಸರಿಗೆ ಪ್ರತ್ಯೇಕ ಅಂಕಣ ಕಡ್ಡಾಯ.

ಬನದ ಅಂಚನ್ನೂ ಲೆಕ್ಕಿಸಿ. 50 ಮೀಟರ್ ತ್ರಿಜ್ಯದ ದುಂಡಗಿನ ಬನ ಸುಮಾರು ಎರಡು ಎಕರೆ. ಬಿಸಿಲು ಮತ್ತು ಗಾಳಿಯ ಪ್ರಭಾವ ಅಂಚಿನಿಂದ 20 ಮೀಟರ್ ಒಳಗೆ ಬರುತ್ತದೆ ಎಂದಿಟ್ಟುಕೊಂಡರೆ ನಿಜವಾದ ಒಳಗಾಡು ಶೇ. 36 ಮಾತ್ರ. ಉದ್ದನೆಯ, ಸಪೂರದ ಬನದಲ್ಲಿ ಒಳಗಾಡೇ ಇರುವುದಿಲ್ಲ. ಆದ್ದರಿಂದ ವಿಸ್ತೀರ್ಣದ ಜೊತೆ ಆಕಾರವೂ ಒಂದು ಅಂಕಣವಾಗಬೇಕು.

ಹೆಜ್ಜೆ 5: ಎಣಿಕೆಯನ್ನು ಹೋಲಿಸಬಹುದಾದ ಸಂಖ್ಯೆಯಾಗಿಸಿ

ದೊಡ್ಡ ಬನದಲ್ಲಿ ಹೆಚ್ಚು ಮರಗಳನ್ನು ನೋಡಿದ್ದರಿಂದಲೇ ಹೆಚ್ಚು ಜಾತಿಗಳು ಸಿಕ್ಕಿರಬಹುದು. ಇದನ್ನು ಸರಿಪಡಿಸದೆ ಹೋಲಿಸಬಾರದು. ಆನ್ ಚಾವ್ 1984ರಲ್ಲಿ ಕೊಟ್ಟ ಸರಳ ಅಂದಾಜು ಹೀಗಿದೆ: ಒಂದೇ ಒಂದು ಮರ ಸಿಕ್ಕ ಜಾತಿಗಳ ಸಂಖ್ಯೆಯ ವರ್ಗವನ್ನು, ಎರಡೇ ಮರ ಸಿಕ್ಕ ಜಾತಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ಕಂಡ ಜಾತಿಗಳಿಗೆ ಸೇರಿಸಿ. 160 ಮರಗಳಲ್ಲಿ 31 ಜಾತಿ ಕಂಡಿವೆ, ಒಂಟಿ ಜಾತಿ 8, ಜೋಡಿ ಜಾತಿ 4 ಎಂದುಕೊಳ್ಳಿ. ಆಗ 64ನ್ನು 8ರಿಂದ ಭಾಗಿಸಿದರೆ 8. ಕನಿಷ್ಠ 39 ಜಾತಿಗಳಿರಬಹುದು ಎಂದಾಯಿತು. ಇದೇ ಬನದಲ್ಲಿ ಎಣಿಕೆಯ ಪೂರ್ಣತೆ (ಬನದ ಒಟ್ಟು ಮರಗಳಲ್ಲಿ ನಾವು ಕಂಡ ಜಾತಿಗಳಿಗೆ ಸೇರಿದವುಗಳ ಪಾಲು) ಸುಮಾರು 1ರಿಂದ 8/160 ಕಳೆದಷ್ಟು, ಅಂದರೆ ಶೇ. 95. ಬನಗಳನ್ನೆಲ್ಲ ಒಂದೇ ಪೂರ್ಣತೆಗೆ ತಂದು ಹೋಲಿಸುವುದು ನ್ಯಾಯವಾದ ಕ್ರಮ. ಆರ್‌ನಲ್ಲಿ ಐನೆಕ್ಸ್ಟ್ ಎಂಬ ಪ್ಯಾಕೇಜ್ ಇದನ್ನು ಮಾಡುತ್ತದೆ.

ಹೆಜ್ಜೆ 6: ಡಿಗ್ರಿ ಬಿಟ್ಟು ಮೀಟರಿಗೆ ಬನ್ನಿ

ಅಕ್ಷಾಂಶ, ರೇಖಾಂಶಗಳ ಡಿಗ್ರಿಯಲ್ಲೇ ದೂರ ಲೆಕ್ಕ ಹಾಕಬೇಡಿ. ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಜಿಲ್ಲೆ 43 ಉತ್ತರ ವಲಯದಲ್ಲಿದೆ. ಆ ವಲಯದ ನಡುರೇಖೆಯಾದ 75 ಡಿಗ್ರಿ ಪೂರ್ವ ರೇಖಾಂಶ ಕಾಸರಗೋಡು ಪಟ್ಟಣಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಕ್ಯುಜಿಐಎಸ್‌ನಲ್ಲಿ ಇಪಿಎಸ್‌ಜಿ 32643 ಎಂಬ ಆ ವಲಯದ ಸಂಕೇತವನ್ನು ಆರಿಸಿದರೆ ಎಲ್ಲ ದೂರಗಳೂ ಮೀಟರಿನಲ್ಲಿ ಸಿಗುತ್ತವೆ. ಬಳಿಕ ಪ್ರತಿ ಬನದ ಸುತ್ತ 100, 250, 500, 1000 ಮೀಟರ್ ವಲಯಗಳನ್ನು ಎಳೆದು ಅಡಿಕೆ, ರಬ್ಬರ್, ಗೇರು, ಪದವು, ಕಟ್ಟಡಗಳ ಪಾಲು ಎಷ್ಟೆಂದು ತೆಗೆಯಿರಿ. ಹತ್ತಿರದ ತೋಡಿಗೆ ದೂರವೂ ಬೇಕು. ಎಷ್ಟೋ ಬನಗಳು ನೀರಿನ ಸೆಲೆಯ ಬಳಿಯೇ ಉಳಿದಿವೆ. ಎಣ್ಮಕಜೆಯಂತಹ ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದ ಗೇರುತೋಪುಗಳಿಂದ ಇರುವ ದೂರವನ್ನು ಬಿಟ್ಟು ಅಲ್ಲಿನ ಬನಗಳ ಕೀಟಗಳನ್ನು ಅಧ್ಯಯನ ಮಾಡುವುದು ಅರ್ಧ ಕೆಲಸ.

ಹೆಜ್ಜೆ 7: ಮೊರಾನ್ ಸೂಚ್ಯಂಕ, ಮೊದಲು ಕೈಯಲ್ಲೇ

ಹತ್ತಿರದ ಬನಗಳು ಹೋಲುತ್ತವೆಯೇ ಎಂಬುದನ್ನು ಒಂದು ಸಂಖ್ಯೆಯಲ್ಲಿ ಹೇಳುವ ದಾರಿಯನ್ನು ಪ್ಯಾಟ್ರಿಕ್ ಮೊರಾನ್ 1950ರಲ್ಲಿ ತೋರಿಸಿದರು. ತಂತ್ರಾಂಶ ತೆರೆಯುವ ಮುನ್ನ ಒಮ್ಮೆ ಕಾಗದದಲ್ಲಿ ಮಾಡಿ.

ತೋಡಿನ ಉದ್ದಕ್ಕೂ ಸಾಲಾಗಿ ಐದು ಬನಗಳಿವೆ. ಜಾತಿಗಳ ಸಂಖ್ಯೆ ಕ್ರಮವಾಗಿ 12, 14, 20, 24, 30 (ಅಭ್ಯಾಸಕ್ಕೆಂದು ಕಟ್ಟಿದ ಸಂಖ್ಯೆಗಳು). ಸರಾಸರಿ 20. ಸರಾಸರಿಯಿಂದ ವ್ಯತ್ಯಾಸ: −8, −6, 0, 4, 10. ಇವುಗಳ ವರ್ಗಗಳ ಮೊತ್ತ 216. ಈಗ ನೆರೆಯ ಜೋಡಿಗಳ ವ್ಯತ್ಯಾಸಗಳನ್ನು ಗುಣಿಸಿ: 48, 0, 0, 40. ಮೊತ್ತ 88. ಪ್ರತಿ ಜೋಡಿಯನ್ನು ಎರಡು ಕಡೆಯಿಂದಲೂ ಎಣಿಸುವುದರಿಂದ 176. ನೆರೆತನಗಳ ಒಟ್ಟು ಸಂಖ್ಯೆ 8. ಸೂಚ್ಯಂಕ ಎಂದರೆ 5/8 ಗುಣಿಲೆ 176/216, ಅಂದರೆ ಸುಮಾರು 0.51. ಜಾಗದ ಪ್ರಭಾವವೇ ಇಲ್ಲದಿದ್ದರೆ ನಿರೀಕ್ಷಿಸಬೇಕಾದ ಬೆಲೆ ಸೊನ್ನೆಯಲ್ಲ. ಋಣ 1ನ್ನು ಬನಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿದಷ್ಟು, ಇಲ್ಲಿ −0.25.

0.51 ದೊಡ್ಡದಾಗಿಯೇ ಕಾಣುತ್ತದೆ. ಇದು ಆಕಸ್ಮಿಕವೇ? ಐದು ಸಂಖ್ಯೆಗಳನ್ನು ಐದು ಜಾಗಗಳಿಗೆ ಹಂಚಲು 120 ರೀತಿಗಳಿವೆ. ಪ್ರತಿಯೊಂದರಲ್ಲೂ ಸೂಚ್ಯಂಕ ಲೆಕ್ಕ ಹಾಕಿದರೆ 8 ಜೋಡಣೆಗಳಲ್ಲಿ ಇದೇ ಬೆಲೆ ಬರುತ್ತದೆ, ಅದಕ್ಕಿಂತ ಹೆಚ್ಚಿನದು ಒಂದರಲ್ಲೂ ಬರುವುದಿಲ್ಲ. 8/120 ಎಂದರೆ 0.067. ಅಂದರೆ ಈ ಸಂಖ್ಯೆಗಳಿಂದ ಸಾಧ್ಯವಿರುವ ಅತ್ಯಂತ ಅಚ್ಚುಕಟ್ಟಾದ ಜೋಡಣೆಯೂ, ಆಕಸ್ಮಿಕವಲ್ಲ ಎನ್ನಲು ರೂಢಿಯಲ್ಲಿರುವ 0.05ರ ಗಡಿಗಿಂತ ಕೆಳಗೆ ಬರಲಾರದು. ಬನಗಳ ಸಂಖ್ಯೆ ಹೆಚ್ಚಿರಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ನಿಜವಾದ ದತ್ತಾಂಶಕ್ಕೆ ಆರ್‌ನ ಎಸ್‌ಪಿಡೆಪ್ ಪ್ಯಾಕೇಜ್ ಬಳಸಿ, 999 ಬಾರಿ ಕಲಸಿ ಹಂಚುವ ಪರೀಕ್ಷೆ ಮಾಡಿ. ನೆರೆಹೊರೆ ಯಾರೆಂಬುದು ನಿಮ್ಮ ನಿರ್ಧಾರ: ಒಂದು ಕಿಲೋಮೀಟರಿನೊಳಗಿನವರೇ, ಅತಿ ಹತ್ತಿರದ ನಾಲ್ವರೇ? ಕಾರಣ ಸಹಿತ ಮೊದಲೇ ಬರೆದಿಟ್ಟುಕೊಳ್ಳಿ. ಫಲಿತಾಂಶ ನೋಡಿ ನೆರೆಹೊರೆಯನ್ನು ಬದಲಿಸುವುದು ಪ್ರಾಮಾಣಿಕವಲ್ಲ. ಬನಗಳ ಜೋಡಿಗಳನ್ನು ದೂರದ ಹಂತಗಳಾಗಿ ವಿಂಗಡಿಸಿ ಪ್ರತಿ ಹಂತಕ್ಕೂ ಸೂಚ್ಯಂಕ ತೆಗೆದರೆ ಸಾದೃಶ್ಯ ಎಷ್ಟು ದೂರದಲ್ಲಿ ಮುಗಿಯುತ್ತದೆಂಬ ಗೆರೆ ಸಿಗುತ್ತದೆ.

ಹೆಜ್ಜೆ 8: ಕಾರಣಗಳ ಲೆಕ್ಕ, ಬಳಿಕ ಶೇಷದ ಪರೀಕ್ಷೆ

ಸಾದೃಶ್ಯ ಎರಡು ಕಾರಣಗಳಿಂದ ಬರಬಹುದು. ಹತ್ತಿರದ ಬನಗಳ ಮಣ್ಣು, ನೀರು, ಸುತ್ತಲಿನ ತೋಟ ಒಂದೇ ರೀತಿ ಇರಬಹುದು. ಅಥವಾ ಹಕ್ಕಿ, ಬಾವಲಿಗಳ ಮೂಲಕ ಬೀಜಗಳು ಅತ್ತಿತ್ತ ಹೋಗುತ್ತಿರಬಹುದು. ಇವೆರಡನ್ನು ಬೇರ್ಪಡಿಸಲು ಮೊದಲು ಸಾಮಾನ್ಯ ರಿಗ್ರೆಶನ್ (ಒಂದು ಸಂಖ್ಯೆ ಇತರ ಅಳತೆಗಳ ಜೊತೆ ಹೇಗೆ ಬದಲಾಗುತ್ತದೆಂಬ ಲೆಕ್ಕ) ಮಾಡಿ: ಜಾತಿಗಳ ಸಂಖ್ಯೆ ಒಂದು ಕಡೆ, ವಿಸ್ತೀರ್ಣದ ಲಾಗರಿದಮ್, 500 ಮೀಟರಿನೊಳಗಿನ ಮರಹೊದಿಕೆ, ತೋಡಿಗೆ ದೂರ, ಕಟ್ಟೆ ಅಥವಾ ಸಿಮೆಂಟ್ ಕೆಲಸ ಇನ್ನೊಂದು ಕಡೆ. ಹಸಿ ಎಣಿಕೆಯಾದರೆ ಎಣಿಕೆಗಳಿಗೆಂದೇ ಇರುವ ಪಾಸಾನ್ ಅಥವಾ ನೆಗೆಟಿವ್ ಬೈನಾಮಿಯಲ್ ರಿಗ್ರೆಶನ್ ಸರಿ.

ಬಳಿಕ ಅದರ ಶೇಷಗಳ, ಅಂದರೆ ಈ ಲೆಕ್ಕ ವಿವರಿಸದೆ ಉಳಿಸಿದ ವ್ಯತ್ಯಾಸಗಳ, ಮೇಲೆ ಮೊರಾನ್ ಪರೀಕ್ಷೆ ಮಾಡಿ. ಮೂಲ ಸಂಖ್ಯೆಗಳಲ್ಲಿ ಜಾಗದ ಪ್ರಭಾವವಿದ್ದರೆ ತೊಂದರೆಯಿಲ್ಲ. ಶೇಷದಲ್ಲಿ ಉಳಿದಿದ್ದರೆ ಮಾತ್ರ ತೊಂದರೆ. ಉಳಿದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ನಾನು ಯಾವ ಅಂಕಣ ಬಿಟ್ಟಿದ್ದೇನೆ? ಶೇಷಗಳನ್ನು ನಕ್ಷೆಯ ಮೇಲೆ ಬಣ್ಣದ ಚುಕ್ಕಿಗಳಾಗಿ ಹಾಕಿ ನೋಡಿದರೆ ಉತ್ತರ ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಹೊಳೆಯ ಆಚೆಯ ಚುಕ್ಕಿಗಳೆಲ್ಲ ಒಂದೇ ಬಣ್ಣವಾದರೆ ಹೊಳೆಯೋ ಅದರಾಚೆಯ ಮಣ್ಣೋ ಏನನ್ನೋ ಹೇಳುತ್ತಿದೆ. ಯಾವ ಅಂಕಣವೂ ತೋಚದಿದ್ದಾಗ ಮಾತ್ರ ಶೇಷಗಳ ನಡುವಿನ ಸಂಬಂಧವನ್ನೇ ಒಳಗೊಂಡ ಸ್ಥಳಾಧಾರಿತ ರಿಗ್ರೆಶನ್‌ಗೆ ಹೋಗಿ.

ಹೆಜ್ಜೆ 9: ಯಾವ ಬನದಲ್ಲಿ ಯಾರಿದ್ದಾರೆ?

ನನ್ನ ದೃಷ್ಟಿಯಲ್ಲಿ ಇಡೀ ಅಧ್ಯಯನದ ತಿರುಳು ಈ ಹೆಜ್ಜೆ. ಎರಡು ಬನಗಳಲ್ಲಿ ತಲಾ 20 ಜಾತಿಗಳಿದ್ದರೂ ಅವು ಒಂದೇ 20 ಇರಬಹುದು, ಬೇರೆ ಬೇರೆ 20 ಇರಬಹುದು. ಬನಗಳ ನಡುವಿನ ಭಿನ್ನತೆಯನ್ನು ಎರಡು ಪಾಲಾಗಿ ಒಡೆಯುವ ವಿಧಾನವನ್ನು ಆಂಡ್ರೆಸ್ ಬಸೆಲ್ಗಾ 2010ರಲ್ಲಿ ಕೊಟ್ಟರು. ಒಂದು ಪಾಲು, ಒಂದು ಜಾತಿಯ ಜಾಗದಲ್ಲಿ ಇನ್ನೊಂದು ಬಂದದ್ದು. ಇನ್ನೊಂದು ಪಾಲು, ಬಡ ಬನದ ಜಾತಿಗಳೆಲ್ಲ ಸಮೃದ್ಧ ಬನದ ಪಟ್ಟಿಯೊಳಗೇ ಅಡಗಿರುವುದು.

ಇದರಿಂದ ಹೊರಡುವ ತೀರ್ಮಾನ ಪಂಚಾಯತಿನ ಮೇಜಿನ ಮೇಲೆ ನೇರವಾಗಿ ಕೂರುವಂಥದ್ದು. ಸಣ್ಣ ಬನಗಳೆಲ್ಲ ದೊಡ್ಡ ಬನದ ತುಣುಕು ಪಟ್ಟಿಗಳೇ ಆಗಿದ್ದರೆ, ಇರುವ ಹಣದಲ್ಲಿ ದೊಡ್ಡದನ್ನು ಉಳಿಸುವುದು ಸರಿ ಎನ್ನಬಹುದು. ಬದಲಿಕೆಯ ಪಾಲು ಹೆಚ್ಚಿದ್ದರೆ ಐದು ಸೆಂಟ್ಸಿನ ಬನವೂ ತನ್ನದೇ ಆದ ಜಾತಿಗಳನ್ನು ಹಿಡಿದುಕೊಂಡಿದೆ ಎಂದರ್ಥ. "ಇಷ್ಟು ಸಣ್ಣದರಿಂದ ಏನಾದೀತು" ಎಂದು ಅದರ ಮೇಲೆ ಕಾಂಕ್ರೀಟ್ ಸುರಿಯುವವರಿಗೆ ಅದು ಸ್ಪಷ್ಟ ಉತ್ತರ. ಒಟ್ಟು ಜಾತಿಗಳ ಸಂಖ್ಯೆ ಮಾತ್ರ ಹೇಳುವ ವರದಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಭಿನ್ನತೆಗೂ ದೂರಕ್ಕೂ ಇರುವ ಸಂಬಂಧ ನೋಡಲು ಹಲವರು ಮಾಂಟೆಲ್ ಪರೀಕ್ಷೆ ಬಳಸುತ್ತಾರೆ. ದತ್ತಾಂಶದಲ್ಲಿ ಸ್ಥಳದ ಅವಲಂಬನೆಯಿರುವಾಗ ಅದು ಇಲ್ಲದ ಸಂಬಂಧವನ್ನೂ ಇದೆ ಎನ್ನಬಲ್ಲದು ಎಂದು 2013ರಲ್ಲಿ ಗೀಯೋ ಮತ್ತು ರೂಸೆ ತೋರಿಸಿದ್ದಾರೆ. ಅದರ ಬದಲು ಬನಗಳ ಸ್ಥಾನಗಳಿಂದಲೇ ಅಲೆಗಳಂತಹ ಚರಗಳನ್ನು ಕಟ್ಟುವ ಮೊರಾನ್ ಐಗನ್‌ವೆಕ್ಟರ್ ನಕ್ಷೆಗಳನ್ನು ಬಳಸಿ, ಪರಿಸರದ ಪಾಲು ಎಷ್ಟು, ಬರೀ ಜಾಗದ ಪಾಲು ಎಷ್ಟು, ಎರಡರಲ್ಲೂ ಹಂಚಿಹೋದದ್ದು ಎಷ್ಟು ಎಂದು ವಿಂಗಡಿಸಿ. ವೇಗನ್ ಮತ್ತು ಅಡೆಸ್ಪೇಶಿಯಲ್ ಪ್ಯಾಕೇಜುಗಳು ಇದಕ್ಕೆ ಸಾಕು.

ಹೆಜ್ಜೆ 10: ಒಂದೇ ಬನದ ಒಳಗೆ

ಮರಗಳ ನಕ್ಷೆ ಮಾಡಿದ್ದರೆ ಬ್ರಯನ್ ರಿಪ್ಲಿಯವರ ಕೆ-ಫಲನದಿಂದ ಒಂದು ಜಾತಿಯ ಮರಗಳು ಗುಂಪಾಗಿವೆಯೇ, ಚದುರಿವೆಯೇ ಎಂದು ತಿಳಿಯಬಹುದು. ಕಿರಾಲಬೋಗಿ ಗುಂಪಾಗಿ ಕಂಡರೆ ಬೀಜ ದೂರ ಹೋಗದಿರುವುದು ಒಂದು ವಿವರಣೆ. ಆದರೆ ಬನದ ನಡುವೆ ನಾಗನ ಕಟ್ಟೆಯೋ ಅಂಗಳವೋ ಇದ್ದರೆ ಅಲ್ಲಿ ಮರವಿರಲು ಸಾಧ್ಯವೇ ಇಲ್ಲ. ಆ ಖಾಲಿ ಜಾಗವೇ ಉಳಿದ ಮರಗಳನ್ನು ಗುಂಪಾದಂತೆ ತೋರಿಸುತ್ತದೆ. ಸ್ಪಾಟ್‌ಸ್ಟಾಟ್ ಪ್ಯಾಕೇಜಿಗೆ ಬನದ ಗಡಿ ಕೊಡುವಾಗ ಕಟ್ಟೆಯ ಭಾಗವನ್ನು ರಂಧ್ರವಾಗಿ ಕತ್ತರಿಸಿಯೇ ಕೊಡಿ. ಐವತ್ತಕ್ಕಿಂತ ಕಡಿಮೆ ಮರಗಳಿರುವ ಜಾತಿಗೆ ಈ ಲೆಕ್ಕ ಬೇಡ.

ಹೆಜ್ಜೆ 11: ನಕ್ಷೆ ಮತ್ತು ವರದಿ

ಕ್ರಿಗಿಂಗ್ ಎಂಬ ವಿಧಾನದಿಂದ ಚುಕ್ಕಿಗಳ ನಡುವಿನ ಜಾಗವನ್ನೆಲ್ಲ ಬಣ್ಣದಿಂದ ತುಂಬಿದ ಚಂದದ ನಕ್ಷೆ ಸಿಗುತ್ತದೆ. ಮಳೆಯ ಪ್ರಮಾಣಕ್ಕೆ, ಮಣ್ಣಿನ ಆಮ್ಲೀಯತೆಗೆ ಅದು ಸರಿ. ಬನದ ಮರಜಾತಿಗಳಿಗೆ ಅದನ್ನು ಬಳಸಬೇಡಿ. ಎರಡು ಬನಗಳ ನಡುವೆ ಅಡಿಕೆ ತೋಟವಿದೆ; ಅಲ್ಲಿ "22 ಜಾತಿಗಳು" ಎಂದು ನಕ್ಷೆ ಹೇಳಿದರೆ ಅದು ಸುಳ್ಳು. ಬನಗಳನ್ನು ಬನಗಳಾಗಿಯೇ, ವಿಸ್ತೀರ್ಣಕ್ಕೆ ತಕ್ಕ ವೃತ್ತಗಳಲ್ಲಿ ತೋರಿಸಿ.

ವರದಿಯ ಒಂದು ಪ್ರತಿ ಬನದ ಮನೆತನಕ್ಕೆ, ಇನ್ನೊಂದು ಪಂಚಾಯತಿನ ಜೀವವೈವಿಧ್ಯ ದಾಖಲಾತಿಗೆ ತಲುಪಲಿ. ಎರಡನ್ನೂ ಕನ್ನಡದಲ್ಲಿ, ಅಗತ್ಯವಿದ್ದರೆ ಮಲಯಾಳಂನಲ್ಲೂ ಕೊಡಿ. ಸಾರ್ವಜನಿಕವಾಗಿ ಹಂಚುವ ಕೋಷ್ಟಕದಲ್ಲಿ ಶ್ರೀಗಂಧದ ಮರಗಳ ಮತ್ತು ಕಡಲ ಹದ್ದಿನ ಗೂಡಿರುವ ಮರಗಳ ಸ್ಥಾನವನ್ನು ಡಿಗ್ರಿಯ ಎರಡನೇ ದಶಮಾಂಶಕ್ಕೆ ಮೊಟಕುಗೊಳಿಸಿ. ಆಗ ಸುಮಾರು ಒಂದು ಕಿಲೋಮೀಟರಿನ ಅಸ್ಪಷ್ಟತೆ ಉಳಿಯುತ್ತದೆ. ನಿಖರ ಸ್ಥಾನಗಳ ಕಡತವನ್ನು ಪ್ರತ್ಯೇಕವಾಗಿಟ್ಟು, ಅದನ್ನು ಯಾರಿಗೆ ಕೊಡಬಹುದೆಂಬ ನಿರ್ಧಾರವನ್ನು ಬನದ ಮನೆತನದವರೊಂದಿಗೆ ಕೂತು ಮಾಡಿ.